ನರರೋಗದ ಮದ್ದಿನ ಕಂಪೆನಿಯ ಶೇರು: ಹಣ ಹಾಕುವ ಮೊದಲು ಯಾವ ಕಾಗದ ನೋಡಬೇಕು?

ಬದಿಯಡ್ಕ ತೋಟ
ಅಡಿಕೆ ಕೊಟ್ಟ ಹಣ ಕೈಯಲ್ಲಿರುವವರ ವಾಟ್ಸಾಪ್ ಗುಂಪುಗಳಲ್ಲಿ ಈಗ ಹೊಸ ಮಾತು ಶುರುವಾಗಿದೆ. ಅಲ್ಜೈಮರ್, ಪಾರ್ಕಿನ್ಸನ್, ಖಿನ್ನತೆ, ಎಸ್‌ಎಂಎ (ನರ ಕೆಟ್ಟು ಮಕ್ಕಳ ಸ್ನಾಯು ಸೊರಗುವ ಕಾಯಿಲೆ) ಇಂಥದ್ದಕ್ಕೆ ಮದ್ದು ಹುಡುಕುವ ಕಂಪೆನಿಯ ಶೇರು ತೆಗೊಳ್ಳಿ, ಊರಿಡೀ ಮುದುಕರೇ ಆಗ್ತಾ ಇದ್ದಾರೆ, ಹತ್ತು ಪಟ್ಟು ಏರ್ತದೆ ಅಂತ. ಹೈದರಾಬಾದಿನ ಒಂದು ಹೆಸರು, ಅಮೆರಿಕದ ಒಂದು ಹೆಸರು ತಿರುಗುತ್ತಾ ಉಂಟು. ನನಗೆ ಟಿಪ್ಸ್ ಬೇಡ. ಒಂದು ಕಂಪೆನಿಯ ಹೆಸರು ಸಿಕ್ಕಿದರೆ ಮೊದಲು ಎಂತ ತೆರೆದು ನೋಡಬೇಕು, ಎಲ್ಲಿ ಮೋಸ ಹೋಗ್ತೇವೆ, ಅದನ್ನು ಗೊತ್ತಿದ್ದವರು ಬರೆಯಿರಿ. ನಾಲ್ಕೈದು ಲಕ್ಷದ ಮಟ್ಟಿನವರಿಗೆ ಹೊಂದುವ ಹಾಗೆ.

ಕುಂಬಳೆ ಔಷಧ
ಮುದುಕರು ಹೆಚ್ಚುತ್ತಿದ್ದಾರೆ ಎಂಬುದು ನಿಜ. ರೋಗಿಗಳಿದ್ದಾರೆ ಎಂದ ಮಾತ್ರಕ್ಕೆ ಮದ್ದು ಹುಟ್ಟುವುದಿಲ್ಲ, ಅಷ್ಟೇ. 2011ರಿಂದ 2020ರ ವರೆಗಿನ ಪ್ರಯೋಗಗಳನ್ನು ಅಮೆರಿಕದ ಬಯೋಟೆಕ್ ಉದ್ಯಮದ ಸಂಘಟನೆಯೇ ಲೆಕ್ಕ ಹಾಕಿದೆ. ಮನುಷ್ಯರ ಮೇಲಿನ ಪ್ರಯೋಗದ ಮೂರು ಹಂತಗಳಲ್ಲಿ ಮೊದಲನೆಯದಕ್ಕೆ ಕಾಲಿಟ್ಟ ನರರೋಗದ ಮದ್ದುಗಳಲ್ಲಿ ಅನುಮತಿ ಪಡೆಯುವ ಸಾಧ್ಯತೆ ಶೇ. 5.9. ಮನೋರೋಗದ್ದು ಶೇ. 7.3. ಎಲ್ಲ ರೋಗ ಸೇರಿಸಿದ ಸರಾಸರಿ ಶೇ. 7.9, ರಕ್ತದ ಕಾಯಿಲೆಗಳದ್ದು ಶೇ. 23.9. ಸರಾಸರಿ ಹಿಡಿಯುವ ಕಾಲ ಹತ್ತು ವರ್ಷದ ಮೇಲೆ.

ಯಾಕೆ ಹೀಗೆ? ಮಿದುಳಿನ ರಕ್ತನಾಳದ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಹೃದಯಕ್ಕೋ ಲಿವರ್‌ಗೋ ಸಲೀಸಾಗಿ ಹೋಗುವ ಅಣು ಇಲ್ಲಿ ನುಗ್ಗುವುದಿಲ್ಲ. ನುಗ್ಗಿದ್ದನ್ನೂ ಹೊರಗೆ ತಳ್ಳಲು ಅಲ್ಲೇ ಪಂಪುಗಳುಂಟು. ಆ್ಯಂಟಿಬಾಡಿ ಮದ್ದಾದರೆ ರಕ್ತದಲ್ಲಿ ಇರುವುದರ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ ಮಿದುಳಿಗೆ ಮುಟ್ಟುತ್ತದೆ. ಅದಕ್ಕೇ ಅಲ್ಜೈಮರ್‌ನ ಮದ್ದು ಲೆಕಾನೆಮ್ಯಾಬ್‌ನಂಥದ್ದನ್ನು ಕಿಲೋಗೆ 10 ಮಿ.ಗ್ರಾಂ.ನಂತೆ, ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಬೇಕಾಗುತ್ತದೆ. 60 ಕಿಲೋ ಮನುಷ್ಯನಿಗೆ ಒಂದು ಸಲಕ್ಕೆ 600 ಮಿ.ಗ್ರಾಂ.

ಮತ್ತೆ ಇಲಿಗೆ ಅಲ್ಜೈಮರ್ ತಾನಾಗಿ ಬರುವುದಿಲ್ಲ. ಮನುಷ್ಯನ ಜೀನ್ ತುರುಕಿ ಬರಿಸುತ್ತಾರೆ. ಆ ಇಲಿ ಗುಣವಾಯಿತು ಅಂತ ಕಂಪೆನಿ ಪ್ರಕಟಣೆ ಹೊರಡಿಸಿದರೆ ಅದರಿಂದ ಹೂಡಿಕೆದಾರನಿಗೆ ತಿಳಿಯುವುದು ಬಹಳ ಕಡಿಮೆ.

ಗೋಡೆ ದಾಟುವ ಸಮಸ್ಯೆಯನ್ನೇ ಜಾಣತನದಿಂದ ಬಳಸಿಕೊಂಡ ಮದ್ದೂ ಉಂಟು. ಜ್ಯಾನೊಮೆಲಿನ್ 1990ರ ದಶಕದಲ್ಲಿ ಎಲಿ ಲಿಲಿ ಪ್ರಯೋಗಿಸಿ ಬದಿಗಿಟ್ಟದ್ದು. ವಾಂತಿ, ಹೊಟ್ಟೆ ತೊಂದರೆ ತಡೆಯಲಾಗಲಿಲ್ಲ. ಕರುಣಾ ಥೆರಪ್ಯೂಟಿಕ್ಸ್ ಅದಕ್ಕೆ ಟ್ರಾಸ್ಪಿಯಂ ಸೇರಿಸಿತು. ಟ್ರಾಸ್ಪಿಯಂ ಮಿದುಳಿನ ಒಳಗೆ ಹೆಚ್ಚಾಗಿ ಹೋಗುವುದಿಲ್ಲ, ಹೊರಗಿನ ದೇಹದಲ್ಲಿ ಮಾತ್ರ ಅಡ್ಡಪರಿಣಾಮವನ್ನು ತಡೆಯುತ್ತದೆ. ಕಂಪೆನಿಯನ್ನು 2023ರ ಡಿಸೆಂಬರಿನಲ್ಲಿ ಬ್ರಿಸ್ಟಲ್ ಮೈಯರ್ಸ್ 1,400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. 2024ರ ಸೆಪ್ಟೆಂಬರಿನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಈ ಜೋಡಿ ಮದ್ದಿಗೆ ಅನುಮತಿಯೂ ಸಿಕ್ಕಿತು.

ಹೊಸಂಗಡಿ
ಹಾಗಾದ್ರೆ ಅದೇ ಜಾತಿಯ ಮದ್ದು ಮಾಡುವ ಇನ್ನೊಂದು ಕಂಪೆನಿ ಹಿಡಿದರೆ ಆಯ್ತಲ್ಲ ಮಾರಾಯ್ರೆ?

ನೀರ್ಚಾಲು ಅಂಕಿಅಂಶ
ಹಾಗೆ ಹಿಡಿದವರು ಸಣ್ಣವರಲ್ಲ, ಆಬ್‌ವೀ. ಅದೇ 2023ರ ಡಿಸೆಂಬರಿನಲ್ಲಿ ಸೆರೆವೆಲ್ ಎಂಬ ಕಂಪೆನಿಗೆ 870 ಕೋಟಿ ಡಾಲರ್ ಕೊಡಲು ಒಪ್ಪಿದರು. ಮುಖ್ಯ ಆಸೆ ಎಮ್ರಾಕ್ಲಿಡಿನ್ ಮೇಲೆ, ಅದೂ ಜ್ಯಾನೊಮೆಲಿನ್‌ನ ಹಾಗೆ ಮಿದುಳಿನ ಮಸ್ಕರಿನಿಕ್ ಗ್ರಾಹಿಗಳ ಮೇಲೆ ಕೆಲಸ ಮಾಡುವ ಗುಂಪಿನದ್ದೇ. 2024ರ ನವೆಂಬರಿನಲ್ಲಿ ಎರಡು ಪ್ರಯೋಗಗಳೂ ಬಿದ್ದವು. ಆಬ್‌ವೀ ಶೇರು ಒಂದೇ ದಿನ ಶೇ. 12ರ ಸುಮಾರು ಇಳಿಯಿತು.

ಇದರ ಅಂಕಿ ನೋಡಿದರೆ ನರರೋಗದ ಪ್ರಯೋಗ ಹೇಗೆ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಸ್ಕಿಜೋಫ್ರೇನಿಯಾದ ತೀವ್ರತೆಯನ್ನು ಪ್ಯಾನ್ಸ್ ಎಂಬ ಅಂಕಪಟ್ಟಿಯಲ್ಲಿ ಅಳೆಯುತ್ತಾರೆ. ಅಂಕ ಇಳಿದಷ್ಟೂ ಒಳ್ಳೆಯದು. ಎಮ್ರಾಕ್ಲಿಡಿನ್‌ನ ಮೊದಲ ಪ್ರಯೋಗದಲ್ಲಿ 30 ಮಿ.ಗ್ರಾಂ. ತೆಗೆದುಕೊಂಡವರಿಗೆ 16.5 ಅಂಕ ಇಳಿಯಿತು. ಕೇಳಲು ಚೆಂದ. ಆದರೆ ಹೋಲಿಕೆಗೆಂದು ಮದ್ದಿಲ್ಲದ ಬರೀ ಸಕ್ಕರೆ ಗುಳಿಗೆ ಕೊಟ್ಟವರಿಗೂ 13.5 ಇಳಿದಿತ್ತು! ಕರುಣಾದ ಎರಡನೇ ಹಂತದ ಪ್ರಯೋಗದಲ್ಲಿ ಮದ್ದಿನವರಿಗೆ ಇಳಿದದ್ದು 17.4, ಗುಳಿಗೆಯವರಿಗೆ 5.9. ಎರಡು ಮದ್ದುಗಳ ಇಳಿಕೆ ಹತ್ತಿರ ಹತ್ತಿರ. ಒಂದು ಗೆದ್ದದ್ದು, ಇನ್ನೊಂದು ಸೋತದ್ದು ಗುಳಿಗೆಯ ಗುಂಪಿನಿಂದ.

ಹಾಗಾಗಿ ಪ್ರಕಟಣೆಯಲ್ಲಿ "ರೋಗಿಗಳಲ್ಲಿ ಇಷ್ಟು ಸುಧಾರಣೆ" ಅಂತ ಮಾತ್ರ ಬರೆದು ಹೋಲಿಕೆಯ ಗುಂಪಿನ ಅಂಕ ಬಿಟ್ಟಿದ್ದರೆ ಅಲ್ಲಿಗೇ ಓದು ನಿಲ್ಲಿಸಿ. ಖಿನ್ನತೆ, ನೋವು, ಸ್ಕಿಜೋಫ್ರೇನಿಯಾ ಈ ಮೂರರಲ್ಲಿ ಸಕ್ಕರೆ ಗುಳಿಗೆಯ ಪರಿಣಾಮ ತುಂಬಾ ಹೆಚ್ಚು. ವಾರವಾರ ಆಸ್ಪತ್ರೆಗೆ ಬಂದು ನರ್ಸು, ಡಾಕ್ಟರ ಹತ್ತಿರ ಮಾತಾಡಿದರೇ ರೋಗಿಗೆ ಅರ್ಧ ಗುಣ ಕಾಣುತ್ತದೆ. ಜೊತೆಗೆ, ರೋಗಿಗಳು ಬೇಗ ಭರ್ತಿಯಾಗಲಿ ಅಂತ ಕೇಂದ್ರಗಳ ಸಂಖ್ಯೆ ಏರಿಸಿದರೆ ಅಂಕ ಕೊಡುವವರ ನಡುವೆ ವ್ಯತ್ಯಾಸವೂ ಏರುತ್ತದೆ.

ಬದಿಯಡ್ಕ ತೋಟ
ಈ ಅಂಕಗಳನ್ನೆಲ್ಲ ನಾವು ಎಲ್ಲಿ ನೋಡುವುದು? ಪೇಪರಿನಲ್ಲಿ ಬರುವುದು ಪ್ರಕಟಣೆಯೇ ಅಲ್ವಾ?

ನೀರ್ಚಾಲು ಅಂಕಿಅಂಶ
ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ಅಮೆರಿಕ ಸರಕಾರದ ನೋಂದಣಿ ತಾಣ ಉಂಟು, ಪುಕ್ಕಟೆ. ನಮ್ಮ ದೇಶದ ಪ್ರಯೋಗಗಳಿಗೆ ಸಿಟಿಆರ್‌ಐ ಎಂಬ ನೋಂದಣಿ ತಾಣ. ಮದ್ದಿನ ಹೆಸರು ಹಾಕಿ ಪ್ರಯೋಗದ ಪುಟ ತೆರೆಯಿರಿ. ಮೊದಲು ಮುಖ್ಯ ಗುರಿ ಎಂತ ಎಂಬುದನ್ನು ಬರೆದಿಟ್ಟುಕೊಳ್ಳಿ: ಯಾವ ಅಂಕಪಟ್ಟಿ, ಎಷ್ಟನೇ ವಾರದಲ್ಲಿ ಅಳೆಯುತ್ತಾರೆ. ನಂತರ ಬದಲಾವಣೆಗಳ ಇತಿಹಾಸ ಎಂಬ ಟ್ಯಾಬ್ ಒತ್ತಿ. ಹಳೆಯ ಮತ್ತು ಹೊಸ ಆವೃತ್ತಿಯನ್ನು ಅಕ್ಕಪಕ್ಕ ತೋರಿಸುತ್ತದೆ. ಅರ್ಧ ದಾರಿಯಲ್ಲಿ ಮುಖ್ಯ ಗುರಿ ಬದಲಾಗಿದ್ದರೆ, 52 ವಾರ ಇದ್ದದ್ದು 26 ಆಗಿದ್ದರೆ, ರೋಗಿಗಳ ಸಂಖ್ಯೆ ಇಳಿದಿದ್ದರೆ ಕಾರಣ ಹುಡುಕಿ. ಮುಗಿಯುವ ದಿನಾಂಕ ಎರಡು ಮೂರು ಸಲ ಮುಂದೆ ಹೋಗಿದ್ದರೆ ಹೆಚ್ಚಾಗಿ ರೋಗಿಗಳು ಸಿಗುತ್ತಿಲ್ಲ ಎಂದರ್ಥ. ಪ್ರತಿ ತಿಂಗಳೂ ಖರ್ಚು ಓಡುತ್ತಲೇ ಇರುತ್ತದೆ.

ಫಲಿತಾಂಶ ಬಂದ ದಿನ ಆ ಚೀಟಿ ತೆಗೆದು ಪ್ರಕಟಣೆಯ ಪಕ್ಕದಲ್ಲಿಡಿ. ನೋಂದಾಯಿಸಿದ ಮುಖ್ಯ ಗುರಿ ಪ್ರಕಟಣೆಯ ಮೊದಲ ಪ್ಯಾರಾದಲ್ಲಿ ಇಲ್ಲದೆ, "ಒಂದು ಉಪಗುಂಪಿನಲ್ಲಿ ಅರ್ಥಪೂರ್ಣ ಪ್ರವೃತ್ತಿ ಕಂಡಿದೆ" ಅಂತ ಇದ್ದರೆ ಪ್ರಯೋಗ ಬಿದ್ದಿದೆ.

ಸಣ್ಣ ಗುಂಪಿನ ಬಗ್ಗೆಯೂ ಎಚ್ಚರ. 2025ರ ಸೆಪ್ಟೆಂಬರಿನಲ್ಲಿ ಯೂನಿಕ್ಯೂರ್ ಕಂಪೆನಿ ಹಂಟಿಂಗ್‌ಟನ್ ಕಾಯಿಲೆಯ ಜೀನ್ ಚಿಕಿತ್ಸೆ ಮೂರು ವರ್ಷದಲ್ಲಿ ರೋಗದ ವೇಗವನ್ನು ಶೇ. 75ರಷ್ಟು ತಗ್ಗಿಸಿತು ಎಂದಿತು. ಶೇರು ಮೂರು ಪಟ್ಟು ದಾಟಿತು. ಹೆಚ್ಚು ಡೋಸ್ ಪಡೆದು ಮೂರು ವರ್ಷ ತುಂಬಿದವರು 12 ಮಂದಿ. ಹೋಲಿಸಿದ್ದು ಹೊರಗಿನ ದಾಖಲೆಯ ರೋಗಿಗಳ ಜೊತೆ. ಒಂದು ಮರದ ಗೊನೆ ಎಣಿಸಿ ತೋಟದ ಫಸಲು ಹೇಳಿದ ಹಾಗೆ. ನವೆಂಬರ್ ಮೊದಲಿಗೆ, ಆ ಹೋಲಿಕೆ ಸಾಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈಗ ಒಪ್ಪುತ್ತಿಲ್ಲ ಎಂದು ಕಂಪೆನಿಯೇ ಹೇಳಿತು. ಶೇರು ಅರ್ಧಕ್ಕೆ ಬಿತ್ತು. ಮದ್ದು ನಾಳೆ ಗೆಲ್ಲಲೂಬಹುದು, ಅದು ಬೇರೆ ಮಾತು.

ಹೊಸಂಗಡಿ
ಪ್ರಾಕ್ಸಿಸ್ ಎಂಬ ಕಂಪೆನಿಯ ಕಥೆ ಹೇಳಿ ಮತ್ತೆ. 2025ರ ಆರಂಭದಲ್ಲಿ ಕೈನಡುಕದ ಮದ್ದಿನ ಮಧ್ಯಂತರ ವರದಿ ನೋಡಿ, ಇದು ಗೆಲ್ಲುವುದಿಲ್ಲ, ನಿಲ್ಲಿಸಿ ಅಂತ ಸ್ವತಂತ್ರ ಸಮಿತಿಯೇ ಹೇಳಿತ್ತು. ಕಂಪೆನಿ ನಿಲ್ಲಿಸಲಿಲ್ಲ. ಅಕ್ಟೋಬರಿನಲ್ಲಿ ಗೆದ್ದಿತು, ಶೇರು ಎರಡು ಪಟ್ಟಿಗಿಂತ ಹೆಚ್ಚಾಯಿತು. ನಿಮ್ಮ ಚೀಟಿ ನೋಡಿದವ ಮಾರಿ ಹೋಗಿರ್ತಿದ್ದ.

ನೀರ್ಚಾಲು ಅಂಕಿಅಂಶ
ಹೌದು, ಮಾರಿ ಹೋಗಿರುತ್ತಿದ್ದ. ಕಾಗದ ಓದಿದರೆ ಫಲಿತಾಂಶ ಮೊದಲೇ ಗೊತ್ತಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಯಾವುದಕ್ಕೆ ಎಷ್ಟು ಹಣ ಹಾಕಬೇಕು ಎಂಬುದು ಮಾತ್ರ ಗೊತ್ತಾಗುತ್ತದೆ. ಒಂದೇ ಪ್ರಯೋಗದ ಮೇಲೆ ನಿಂತ ಕಂಪೆನಿಗೆ ಒಟ್ಟು ಹೂಡಿಕೆಯ ಶೇ. 2ಕ್ಕಿಂತ ಹೆಚ್ಚು ಹಾಕುವುದು ಜೂಜು. ಐದು ಲಕ್ಷದಲ್ಲಿ ಅದು ಹತ್ತು ಸಾವಿರ.

ಪೈವಳಿಕೆ ಲೆಕ್ಕ
ವಿಜ್ಞಾನ ಅವರಿಬ್ಬರು ಹೇಳಿದರು. ನಾನು ಕಂಪೆನಿಯ ಕಿಸೆಯ ಬಗ್ಗೆ ಹೇಳ್ತೇನೆ, ಯಾಕೆಂದರೆ ಬಹಳ ಜನರ ಹಣ ಹೋಗುವುದು ಪ್ರಯೋಗ ಬೀಳುವ ಮೊದಲೇ.

ಇಂಥ ಕಂಪೆನಿಗೆ ಆದಾಯ ಇಲ್ಲ. ತ್ರೈಮಾಸಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿ ತೆಗೆಯಿರಿ, ಕಾರ್ಯಾಚರಣೆಗೆ ಹೋದ ನಗದು ಎಷ್ಟು ನೋಡಿ. ಲಾಭ ನಷ್ಟದ ಪಟ್ಟಿ ಅಲ್ಲ, ನಗದು ಹರಿವು. ಉದಾಹರಣೆಗೆ ಕೈಯಲ್ಲಿ 24 ಕೋಟಿ ಡಾಲರ್, ಮೂರು ತಿಂಗಳಿಗೆ 3 ಕೋಟಿ ಖರ್ಚು ಅಂತ ಇಟ್ಟುಕೊಳ್ಳಿ. ಎಂಟು ತ್ರೈಮಾಸಿಕ ಬರ್ತದೆ. ಮೂರನೇ ಹಂತಕ್ಕೆ ಹೋದರೆ ಖರ್ಚು ಅಷ್ಟಕ್ಕೇ ನಿಲ್ಲುವುದಿಲ್ಲ, 5 ಕೋಟಿ ಆದರೆ ಐದು ತ್ರೈಮಾಸಿಕವೂ ಬರುವುದಿಲ್ಲ. ಫಲಿತಾಂಶ ಏಳನೇ ತ್ರೈಮಾಸಿಕದಲ್ಲಿ ಅಂತಿದ್ದರೆ ಮಧ್ಯದಲ್ಲಿ ಹೊಸ ಶೇರು ಮಾರಿಯೇ ಮಾರ್ತಾರೆ. 5 ಕೋಟಿ ಶೇರು ಇದ್ದದ್ದಕ್ಕೆ 2 ಕೋಟಿ ಹೊಸದು ಸೇರಿದರೆ ನಿಮ್ಮ ಪಾಲು ಶೇ. 29ರ ಹತ್ತಿರ ಕರಗಿತು, ಮದ್ದು ಹೇಗಿದ್ದರೂ ಸರಿ. ಒಳ್ಳೆಯ ಸುದ್ದಿ ಬಂದು ಶೇರು ಏರಿದ ಅದೇ ಸಂಜೆ ಹೊಸ ಶೇರಿನ ಘೋಷಣೆ ಬರುವುದು ಮಾಮೂಲು. ಸುದ್ದಿ ನೋಡಿ ಓಡಿ ಹೋಗಿ ಕೊಂಡವರಿಗೆ ಮರುದಿನ ಪೆಟ್ಟು.

ನಮ್ಮ ಕಂಪೆನಿಗಳ ನಗದು ಹರಿವು ಆರು ತಿಂಗಳಿಗೊಮ್ಮೆ, ಸೆಪ್ಟೆಂಬರ್ ಮತ್ತು ಮಾರ್ಚ್ ಫಲಿತಾಂಶದ ಜೊತೆ ಸಿಗ್ತದೆ. ಇಲ್ಲಿ ಹಳೆಯ ಶೇರುದಾರರಿಗೆ ಕೊಡುವ ಹಕ್ಕಿನ ಶೇರು, ಮುಂದೆ ಶೇರು ಕೊಳ್ಳುವ ಹಕ್ಕಿನ ಪತ್ರವಾದ ವಾರಂಟ್, ಆಯ್ದವರಿಗೆ ಹಂಚಿಕೆ ಇವುಗಳ ಮೂಲಕ ಹಣ ಎತ್ತುತ್ತಾರೆ. ಪ್ರವರ್ತಕರು ತಮ್ಮ ಕೈಯಿಂದ ಎಷ್ಟು ಹಾಕಿದರು ಎಂಬುದು ಅಲ್ಲೇ ಗೊತ್ತಾಗ್ತದೆ.

ಮತ್ತೆ ಸ್ಟಾಪ್‌ಲಾಸ್ (ಇಂಥ ದರಕ್ಕೆ ಇಳಿದರೆ ಮಾರಿಬಿಡಿ ಎಂಬ ಆರ್ಡರ್) ಹಾಕಿದ್ದೇನೆ ಅಂತ ಧೈರ್ಯ ಬೇಡ. ಸಂಶೋಧನೆಗೆಂದು ಸನ್ ಫಾರ್ಮಾದಿಂದ 2007ರಲ್ಲಿ ಬೇರೆಯಾದ ಸ್ಪಾರ್ಕ್ ಕಂಪೆನಿಯ ಪಾರ್ಕಿನ್ಸನ್ ಮದ್ದು ವೋಡೊಬ್ಯಾಟಿನಿಬ್ 2024ರ ಮಾರ್ಚಿನಲ್ಲಿ ಬಿದ್ದಾಗ ಶೇರು ಶೇ. 20ರ ಸುಮಾರು ಒಂದೇ ದಿನ ಇಳಿಯಿತು. ಲೋವರ್ ಸರ್ಕ್ಯೂಟಿನಲ್ಲಿ, ಅಂದರೆ ದಿನದ ಇಳಿಕೆಯ ಮಿತಿ ಮುಟ್ಟಿದಾಗ, ಮಾರುವವರ ಸಾಲೇ ಇರ್ತದೆ, ಕೊಳ್ಳುವವ ಇರುವುದಿಲ್ಲ. ನಿಮ್ಮ ಸ್ಟಾಪ್‌ಲಾಸ್ ಆರ್ಡರ್ ಸಾಲಿನ ಬಾಲದಲ್ಲಿ ನಿಂತಿರ್ತದೆ. ಅಮೆರಿಕದಲ್ಲಿ ಒಂದು ಶೇರಿಗೆ ಇಂಥ ದಿನದ ಮಿತಿ ಇಲ್ಲ, ಬದಲಿಗೆ 40 ಡಾಲರಿನ ಶೇರು 9 ಡಾಲರಿನಲ್ಲಿ ತೆರೆಯಬಹುದು. 36ಕ್ಕೆ ಹಾಕಿದ ಸ್ಟಾಪ್‌ಲಾಸ್ 9ಕ್ಕೆ ಮಾರಿ ಕೊಡ್ತದೆ.

ಮುಳ್ಳೇರಿಯ
ಅನುಮತಿ ಸಿಕ್ಕಿದ ಮೇಲೆ ಕೊಂಡರೆ ಅಪಾಯ ಕಡಿಮೆ ಅಲ್ವಾ?

ಕುಂಬಳೆ ಔಷಧ
ಕಡಿಮೆ, ಆದರೆ ಇಲ್ಲವಾಗುವುದಿಲ್ಲ. ಎರಡು ಉದಾಹರಣೆ ಸಾಕು.

ಅಮಿಲಿಕ್ಸ್ ಕಂಪೆನಿಯ ಎಎಲ್‌ಎಸ್ (ಸ್ನಾಯು ನಡೆಸುವ ನರಗಳು ಸಾಯುವ ಕಾಯಿಲೆ) ಮದ್ದಿಗೆ 2022ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿದ್ದು 137 ರೋಗಿಗಳ ಎರಡನೇ ಹಂತದ ಪ್ರಯೋಗದ ಮೇಲೆ. 664 ರೋಗಿಗಳ ಮೂರನೇ ಹಂತ 2024ರ ಮಾರ್ಚಿನಲ್ಲಿ ಸೋತಿತು. ಶೇರು ಒಂದೇ ದಿನ ಶೇ. 80ರ ಆಸುಪಾಸು ಹೋಯಿತು, ಏಪ್ರಿಲಿನಲ್ಲಿ ಮದ್ದನ್ನೇ ಹಿಂದಕ್ಕೆ ಪಡೆದರು.

ಬಯೋಜೆನ್‌ನ ಅಲ್ಜೈಮರ್ ಮದ್ದು ಅಡುಕಾನುಮ್ಯಾಬ್‌ನದ್ದು ಇನ್ನೂ ವಿಚಿತ್ರ. 2019ರ ಮಾರ್ಚಿನಲ್ಲಿ ಫಲ ಇಲ್ಲ ಅಂತ ಪ್ರಯೋಗ ನಿಲ್ಲಿಸಿದರು, ಶೇರು ಶೇ. 29 ಬಿತ್ತು. ಅಕ್ಟೋಬರಿನಲ್ಲಿ ಅಂಕಿ ಮತ್ತೆ ನೋಡಿದಾಗ ಫಲ ಕಂಡಿತು ಅಂದರು. 2020ರ ನವೆಂಬರಿನಲ್ಲಿ ತಜ್ಞರ ಸಮಿತಿ ಒಪ್ಪಲಿಲ್ಲ. 2021ರ ಜೂನ್ 7ರಂದು ಎಫ್‌ಡಿಎ ಆದರೂ ಅನುಮತಿ ಕೊಟ್ಟಿತು. ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. ವರ್ಷಕ್ಕೆ 56,000 ಡಾಲರ್ ಬೆಲೆ ಇಟ್ಟರು, ಯಾರೂ ಕೊಳ್ಳದೆ 28,200ಕ್ಕೆ ಇಳಿಸಿದರು. 2022ರ ಏಪ್ರಿಲಿನಲ್ಲಿ ಅಲ್ಲಿಯ ಹಿರಿಯರ ಸರಕಾರಿ ವಿಮೆ ಮೆಡಿಕೇರ್, ಪ್ರಯೋಗದಲ್ಲಿ ಇರುವವರಿಗೆ ಮಾತ್ರ ಹಣ ಕೊಡುತ್ತೇನೆ ಎಂದಿತು. ಅಲ್ಲಿಗೆ ವ್ಯಾಪಾರ ಮುಗಿಯಿತು. 2024ರ ಜನವರಿಯಲ್ಲಿ ಆ ಮದ್ದನ್ನೇ ಕೈಬಿಟ್ಟರು. ಅನುಮತಿ ಕೊಡುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು.

ನಂತರ ಬಂದ ಲೆಕಾನೆಮ್ಯಾಬ್‌ಗೆ ಪ್ರಯೋಗ ಗಟ್ಟಿ ಉಂಟು: 1,795 ಜನ, 18 ತಿಂಗಳು, ಕುಸಿತದ ವೇಗ ಶೇ. 27 ಕಡಿಮೆ. ಆದರೆ 18 ಅಂಕದ ಪಟ್ಟಿಯಲ್ಲಿ ವ್ಯತ್ಯಾಸ 0.45. ಮನೆಯವರ ಕಣ್ಣಿಗೆ ಅದು ಕಾಣಿಸೀತೇ ಎಂಬ ಬಗ್ಗೆ ನರತಜ್ಞರಲ್ಲೇ ಜಗಳ. ಅದರ ಮೇಲೆ ಮಿದುಳಲ್ಲಿ ಪ್ಲಾಕ್ (ಅಲ್ಜೈಮರ್‌ನಲ್ಲಿ ಕಟ್ಟುವ ಪ್ರೋಟೀನಿನ ಗಂಟು) ಉಂಟೆಂದು ಪೆಟ್ ಸ್ಕ್ಯಾನ್ ಅಥವಾ ಬೆನ್ನುನೀರಿನ ಪರೀಕ್ಷೆಯಿಂದ ಖಾತ್ರಿ ಆಗಬೇಕು, ಮಿದುಳು ಬಾತಿದೆಯೇ ಎಂದು ನೋಡಲು ಮೊದಲ ತಿಂಗಳುಗಳಲ್ಲಿ ಪದೇಪದೇ ಎಂಆರ್‌ಐ. ಆ ಬಾವು ಮದ್ದಿನವರಲ್ಲಿ ಶೇ. 12.6, ಮದ್ದಿಲ್ಲದ ಡ್ರಿಪ್ ಪಡೆದವರಲ್ಲಿ ಶೇ. 1.7 ಕಂಡಿತ್ತು. ಸ್ಕ್ಯಾನ್, ಡ್ರಿಪ್ ಹಾಕುವ ಹಾಸಿಗೆ, ನೋಡುವ ನರತಜ್ಞ ಇಷ್ಟೂ ಬೇಕು. ಮದ್ದು ನಿಧಾನಕ್ಕೆ ಮಾರಾಟವಾಗುವುದು ಇದರಿಂದ. ನನಗೆ ಕೇಳಿದರೆ ಮದ್ದಿಗಿಂತ ಪರೀಕ್ಷೆಯ ಕಡೆ ನೋಡುವುದು ಮೇಲು. ರಕ್ತದಲ್ಲಿ ಪಿ-ಟೌ217 ಎಂಬ ಅಲ್ಜೈಮರ್ ಸೂಚಿಸುವ ಪ್ರೋಟೀನು ಅಳೆಯುವ ಫ್ಯೂಜಿರೆಬಿಯೊ ಕಂಪೆನಿಯ ಪರೀಕ್ಷೆಗೆ 2025ರ ಮೇಯಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಯಾವ ಮದ್ದು ಗೆದ್ದರೂ ಪರೀಕ್ಷೆ ಬೇಕೇ ಬೇಕು.

ಮುಳ್ಳೇರಿಯ
ಎಸ್‌ಎಂಎ ಮದ್ದಿನ ಬಗ್ಗೆಯೂ ಹೇಳಿ. ನಮ್ಮ ಕಡೆ 18 ಕೋಟಿಯ ಇಂಜೆಕ್ಷನಿಗೆ ಊರೂರು ಹಣ ಸೇರಿಸಿದ್ದು ಎಲ್ಲರಿಗೂ ನೆನಪುಂಟು. ಅಷ್ಟು ಬೆಲೆ ಇರುವಲ್ಲಿ ಲಾಭ ಇಲ್ಲದೆ ಇರ್ತದಾ?

ಪೈವಳಿಕೆ ಲೆಕ್ಕ
ಬೆಲೆ ದೊಡ್ಡದಿದ್ದಲ್ಲಿ ಬೆಲೆ ಬೀಳುವ ಅಪಾಯವೂ ದೊಡ್ಡದು. ಬಾಯಿಗೆ ಕೊಡುವ ರಿಸ್ಡಿಪ್ಲಾಮ್ ನೋಡಿ. 60 ಮಿ.ಗ್ರಾಂ.ನ ಬಾಟಲಿಗೆ ರೋಶ್ ಕಂಪೆನಿಯ ದರ 6.2 ಲಕ್ಷ ರೂ. ಇತ್ತು. 20 ಕಿಲೋ ದಾಟಿದವರಿಗೆ ದಿನಕ್ಕೆ 5 ಮಿ.ಗ್ರಾಂ., ಬಾಟಲಿ 12 ದಿನಕ್ಕೆ ಖಾಲಿ, ವರ್ಷಕ್ಕೆ 30ರ ಮೇಲೆ ಬೇಕು. ಪೂರ್ತಿ ದರ ಕೊಟ್ಟರೆ 1.88 ಕೋಟಿ. ಪೇಟೆಂಟ್ ಜಗಳ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಮಾರ್ಚಿನಲ್ಲಿ ಏಕಪೀಠ, ಅದೇ ಮದ್ದು ಮಾಡಹೊರಟ ನ್ಯಾಟ್ಕೊ ಕಂಪೆನಿಯನ್ನು ತಡೆಯಲು ಒಪ್ಪಲಿಲ್ಲ, ಅಕ್ಟೋಬರಿನಲ್ಲಿ ವಿಭಾಗೀಯ ಪೀಠವೂ ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ಕೈ ಹಾಕಲಿಲ್ಲ. ನ್ಯಾಟ್ಕೊ ಬಾಟಲಿಗೆ 15,900 ರೂ. ದರ ಇಟ್ಟಿತು. ವರ್ಷಕ್ಕೆ 4.8 ಲಕ್ಷ ಚಿಲ್ಲರೆ. ಮಕ್ಕಳ ಮನೆಯವರಿಗೆ ದೊಡ್ಡ ಸಂಗತಿ. ಶೇರಿನ ಲೆಕ್ಕದಲ್ಲಿ? ರೋಗಿಗಳ ಸಂಖ್ಯೆ ಸಣ್ಣದು, ಹಾಗಾಗಿ ಗೆದ್ದ ಕಂಪೆನಿಯ ಒಟ್ಟು ವಹಿವಾಟಿನಲ್ಲೂ ಅದು ಸಣ್ಣ ಗೆರೆ.

ವಾಣಿನಗರ
ಇಷ್ಟೆಲ್ಲ ಮಾತಿನ ನಡುವೆ ಎಂಡೋಸಲ್ಫಾನ್ ಮಕ್ಕಳ ನರದ ತೊಂದರೆಗೆ ಯಾರಾದರೂ ಮದ್ದು ಮಾಡ್ತಾ ಇದ್ದಾರಾ? ಅಂಥ ಕಂಪೆನಿಗೆ ಹಾಕಿದರೆ ಪುಣ್ಯವೂ ಬಂತು.

ಕುಂಬಳೆ ಔಷಧ
ಅದನ್ನು ಶೇರಿನ ಮಾತಿನೊಳಗೆ ತರಬೇಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷದಿಂದ ಹುಟ್ಟುವ ಮೊದಲೇ ಬೆಳವಣಿಗೆಗೆ ಪೆಟ್ಟಾದರೆ ಅದನ್ನು ಹಿಂದೆ ತಿರುಗಿಸುವ ಗುಳಿಗೆ ಇಲ್ಲ. ಆ ಮನೆಗಳಿಗೆ ಬೇಕಾದ್ದು ಅಪಸ್ಮಾರದ ಮಾಮೂಲು ಮದ್ದು, ಫಿಸಿಯೊಥೆರಪಿ, ಹಗಲು ಆರೈಕೆ, ಹತ್ತಿರದಲ್ಲೊಬ್ಬ ನರತಜ್ಞ. ಎಣ್ಮಕಜೆಯಂಥ ಊರಿಂದ ಇಇಜಿ (ಮಿದುಳಿನ ವಿದ್ಯುತ್ ಅಲೆಯ ಪರೀಕ್ಷೆ), ಶಸ್ತ್ರಚಿಕಿತ್ಸೆ ಅಂತ ಮಂಗಳೂರಿಗೋ ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಗೋ ಓಡಿದ ಮನೆಗಳುಂಟು. ತಲೆಗೆ 5 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿದ್ದು ಸರಕಾರಕ್ಕೆ. ಪುಣ್ಯ ಬೇಕಾದರೆ ನೇರವಾಗಿ ದಾನ ಕೊಡಿ.

ಆದರೆ ಆ ಮಾಮೂಲು ಮದ್ದು ಎಂಬ ಮಾತಿನಿಂದ ಹೂಡಿಕೆಯ ಒಂದು ದಾರಿ ಸಿಗ್ತದೆ. ಅಪಸ್ಮಾರದ ಲೆವೆಟಿರಾಸಿಟಾಮ್, ವಾಲ್ಪ್ರೊಯೇಟ್, ಪಾರ್ಕಿನ್ಸನ್‌ನ ಲೆವೊಡೋಪಾ ಒಮ್ಮೆ ಶುರು ಮಾಡಿದರೆ ವರ್ಷಗಟ್ಟಲೆ ನಡೆಯುತ್ತದೆ. ಅಪಸ್ಮಾರದಲ್ಲಿ ಬ್ರ್ಯಾಂಡ್ ಬದಲಿಸಲು ವೈದ್ಯರೂ ಹೆದರುತ್ತಾರೆ, ತಡೆದಿಟ್ಟ ಸೆಳೆತ ಮರಳಬಹುದು ಅಂತ. ಸನ್ ಫಾರ್ಮಾ 1983ರಲ್ಲಿ ವಾಪಿಯಲ್ಲಿ ಶುರುವಾದದ್ದೇ ಮನೋರೋಗದ ಕೆಲವು ಗುಳಿಗೆಗಳಿಂದ. ಟೊರೆಂಟ್‌ಗೂ ನರರೋಗ ವಿಭಾಗ ಗಟ್ಟಿ. ಇವುಗಳಲ್ಲಿ ಹತ್ತು ಪಟ್ಟಿನ ಕನಸಿಲ್ಲ, ಒಂದು ಪ್ರಯೋಗಕ್ಕೆ ಮುಳುಗುವ ಭಯವೂ ಇಲ್ಲ.

ಪೈವಳಿಕೆ ಲೆಕ್ಕ
ಅಲ್ಲಿಯೂ ನೋಡಬೇಕಾದ್ದು ಉಂಟು. ಅಗತ್ಯ ಮದ್ದಿನ ಪಟ್ಟಿಯಲ್ಲಿರುವುದಕ್ಕೆ ವರ್ಷಕ್ಕೊಮ್ಮೆ ಸಗಟು ಬೆಲೆ ಸೂಚ್ಯಂಕದಷ್ಟೇ ದರ ಏರಿಸಬಹುದು. 2023ರಲ್ಲಿ ಶೇ. 12.12 ಸಿಕ್ಕಿತು, 2024ರಲ್ಲಿ ಶೇ. 0.00551, ಅಂದರೆ ಸೊನ್ನೆ. ಪಟ್ಟಿಯ ಹೊರಗಿನದ್ದಕ್ಕೆ ವರ್ಷಕ್ಕೆ ಶೇ. 10ರ ವರೆಗೆ. ವಾರ್ಷಿಕ ವರದಿಯಲ್ಲಿ ದೇಶದೊಳಗಿನ ಮಾರಾಟದಲ್ಲಿ ನರರೋಗದ ಪಾಲು ಎಷ್ಟು, ಅದರಲ್ಲಿ ನಿಯಂತ್ರಣದ ಒಳಗೆ ಎಷ್ಟು ಎಂದು ಹುಡುಕಿ. ಅಮೆರಿಕಕ್ಕೆ ಕಳಿಸುವ ಕಾರ್ಖಾನೆಯಾದರೆ ಎಫ್‌ಡಿಎ ತಪಾಸಣೆಯಲ್ಲಿ ಕಂಡ ಕೊರತೆಗಳ 483 ನಮೂನೆ ಬಂದಿದೆಯಾ ನೋಡಿ. ಸನ್‌ನ ಹಾಲೋಲ್ ಘಟಕಕ್ಕೆ 2022ರ ಡಿಸೆಂಬರಿನಲ್ಲಿ ಆಮದು ತಡೆಯೇ ಬಂದಿತ್ತು.

ಉಪ್ಪಳ ದುಬೈ
ಅಮೆರಿಕದ ಶೇರು ಊರಿನವರು ಕೊಳ್ಳುವುದು ಹೇಗೆ? ಗಲ್ಫಿನಲ್ಲಿ ಇರುವವರ ಹೆಸರಲ್ಲಿ ಮಾಡಿದರೆ ಸುಲಭವಾ?

ಪೈವಳಿಕೆ ಲೆಕ್ಕ
ಊರಿನವರ ಹಣವನ್ನು ಇನ್ನೊಬ್ಬರ ಹೆಸರಲ್ಲಿ ಹಾಕುವುದು ಬೇಡವೇ ಬೇಡ. ಊರಿನಲ್ಲಿ ಇರುವವರಿಗೆ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟ ಅನುಮತಿ) ದಾರಿ: ವರ್ಷಕ್ಕೆ 2.5 ಲಕ್ಷ ಡಾಲರಿನ ವರೆಗೆ. 10 ಲಕ್ಷ ರೂ. ದಾಟಿದ್ದಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್ (ಮೊದಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ, ರಿಟರ್ನ್‌ನಲ್ಲಿ ಸರಿಹೊಂದಿಸಬಹುದು. ಅಮೆರಿಕದವರಲ್ಲ ಎಂದು ತಿಳಿಸುವ, ಬ್ರೋಕರ್ ಕೊಡುವ ಡಬ್ಲ್ಯು-8ಬೆನ್ ನಮೂನೆ ತುಂಬಲೇಬೇಕು. 24 ತಿಂಗಳ ಮೇಲೆ ಮಾರಿದರೆ ಲಾಭಕ್ಕೆ ಶೇ. 12.5, ಅದಕ್ಕಿಂತ ಮೊದಲಾದರೆ ನಿಮ್ಮ ಸ್ಲ್ಯಾಬ್ ದರ.

ನಮ್ಮ ಕಡೆಯ ಕೃಷಿಕರು, ಸಣ್ಣ ವ್ಯಾಪಾರಿಗಳು ಎಡವುವುದು ರಿಟರ್ನ್‌ನಲ್ಲಿ. ಒಂದೇ ಒಂದು ವಿದೇಶಿ ಶೇರು ಇದ್ದರೂ ಐಟಿಆರ್-1, ಐಟಿಆರ್-4 ಹಾಕುವಂತಿಲ್ಲ. ಐಟಿಆರ್-2 ಹಾಕಬೇಕು, ವ್ಯಾಪಾರ ಇದ್ದರೆ ಐಟಿಆರ್-3. ವಿದೇಶಿ ಆಸ್ತಿ ತೋರಿಸುವ ಎಫ್‌ಎ ಅನುಸೂಚಿಯಲ್ಲಿ ಶೇರಿನ ವಿವರ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ತುಂಬಬೇಕು. ತೋರಿಸದೆ ಬಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡದ ಅವಕಾಶ ಉಂಟು. ಸ್ಥಿರಾಸ್ತಿ ಅಲ್ಲದ, 20 ಲಕ್ಷದ ಒಳಗಿನ ಆಸ್ತಿಗೆ 2024ರ ಅಕ್ಟೋಬರಿನಿಂದ ಆ ದಂಡ ಇಲ್ಲ, ತೋರಿಸುವ ಕರ್ತವ್ಯ ಮಾತ್ರ ಇದ್ದೇ ಇದೆ. ಮತ್ತೊಂದು, ಅಮೆರಿಕದ ಶೇರು 60,000 ಡಾಲರ್ ದಾಟಿ ಇಟ್ಟುಕೊಂಡವರು ತೀರಿಹೋದರೆ ಅಲ್ಲಿಯ ವಾರಸು ತೆರಿಗೆ ಬರ್ತದೆ.

ಗಲ್ಫಿನಲ್ಲಿ ನೆಲೆಸಿದವರಿಗೆ ಎಲ್‌ಆರ್‌ಎಸ್ ಅನ್ವಯವೇ ಇಲ್ಲ, ಅಲ್ಲಿಯ ಗಳಿಕೆಯಿಂದ ಅಲ್ಲೇ ನೇರ ಕೊಳ್ಳಬಹುದು. ಊರಿಗೆ ಮರಳಿದ ಮೇಲೂ ಆ ಶೇರು ಇಟ್ಟುಕೊಳ್ಳಲು ವಿದೇಶಿ ವಿನಿಮಯ ಕಾಯ್ದೆ ಫೆಮಾದ 6(4)ರಲ್ಲಿ ಅವಕಾಶ ಉಂಟು. ಹೋಗುವ ಮೊದಲು ಊರಲ್ಲಿ ತೆರೆದ ಮಾಮೂಲು ಡಿಮ್ಯಾಟ್ ಖಾತೆಯನ್ನು ಹಾಗೆಯೇ ಓಡಿಸಬೇಡಿ, ಅನಿವಾಸಿಗಳ ಎನ್‌ಆರ್‌ಒ ಡಿಮ್ಯಾಟ್‌ಗೆ ಬದಲಿಸಿ.

ಉಪ್ಪಳ ದುಬೈ
ಫಲಿತಾಂಶ ಯಾವ ಹೊತ್ತಿಗೆ ಬರ್ತದೆ? ರಾತ್ರಿ ಕಾದು ಕೂರಬೇಕಾ?

ನೀರ್ಚಾಲು ಅಂಕಿಅಂಶ
ಹೆಚ್ಚಿನವು ಅಲ್ಲಿಯ ಬೆಳಗ್ಗೆ ಆರೇಳು ಗಂಟೆಗೆ, ಮಾರುಕಟ್ಟೆ ತೆರೆಯುವ ಮೊದಲು. ಊರಿನ ಲೆಕ್ಕದಲ್ಲಿ ಬೇಸಿಗೆಯಲ್ಲಿ ಸಂಜೆ ಮೂರೂವರೆ, ನಾಲ್ಕೂವರೆ, ಚಳಿಗಾಲದಲ್ಲಿ ನಾಲ್ಕೂವರೆ, ಐದೂವರೆ. ತೆರೆಯುವುದು ಬೇಸಿಗೆಯಲ್ಲಿ ನಮ್ಮ 7 ಗಂಟೆಗೆ, ಚಳಿಗಾಲದಲ್ಲಿ 8ಕ್ಕೆ. ಆ ಎರಡು ಮೂರು ಗಂಟೆಯಲ್ಲೇ ದರ ಏರಿಯೋ ಬಿದ್ದೋ ಆಗಿರುತ್ತದೆ. ನಿಮ್ಮ ಬ್ರೋಕರ್ ತೆರೆಯುವ ಮೊದಲಿನ ಆರ್ಡರ್ ತೆಗೆದುಕೊಳ್ಳುತ್ತಾರಾ ಎಂದು ಖಾತೆ ತೆರೆಯುವಾಗಲೇ ಕೇಳಿ. ತೆಗೆದುಕೊಂಡರೂ ಆ ಹೊತ್ತಿನಲ್ಲಿ ಸಿಕ್ಕಿದ ದರಕ್ಕೆ ಹೋಗುವ ಮಾರ್ಕೆಟ್ ಆರ್ಡರ್ ಬೇಡ, ದರ ನಮೂದಿಸಿದ ಲಿಮಿಟ್ ಆರ್ಡರ್ ಮಾತ್ರ ಹಾಕಿ.